‘ಇರ್ಲಿ ಬಿಡ್ರಿ’ ಎಂಬ ಜಡ್ಡು

ನಮ್ಮ ಕಡೆಯ ಜನರ ಬಾಯಲ್ಲಿ ಸದಾ ಓಡಾಡುವ, ಕೇಳಲು ಬೆಣ್ಣೆಯಂಥ, ಆದರೆ ಹೊಟ್ಟೆಯೊಳಗೆ ವಿಷ ಇಟ್ಟುಕೊಂಡಿರುವ ಮಾತೊಂದಿದೆ: ‘ಇರ್ಲಿ ಬಿಡ್ರಿ’. ನಲ್ಲಿ ಸೋರಿದರೆ ಇರ್ಲಿ ಬಿಡ್ರಿ. ಬೀದಿಯ ದೀಪ ಹಾಡುಹಗಲೇ ಉರಿದರೆ ಇರ್ಲಿ ಬಿಡ್ರಿ. ಗ್ಯಾಸಿನ ಒಲೆಯ ಒಂದು ಬರ್ನರು ಹತ್ತದಿದ್ದರೆ, ಇನ್ನೊಂದು ಹತ್ತತೈತೆಲ್ಲ, ಇರ್ಲಿ ಬಿಡ್ರಿ. ಇದನ್ನು ತಾಳ್ಮೆಯೆಂದು ಹೊಗಳುವವರಿದ್ದಾರೆ. ಹೆಣ್ಣುಮಕ್ಕಳಿಗಂತೂ ಇದು ಭೂಷಣವೆಂದೇ ಹೇಳಿಕೊಡಲಾಗಿದೆ. ನಾನು ಹೊಗಳಲಾರೆ. ತಾಳ್ಮೆ ಎಂಬುದು ಕಾರಣ ತಿಳಿದವರು ಕಾಯುವ ರೀತಿ. ಕಾರಣ ತಿಳಿಯುವ ಗೋಜಿಗೇ ಹೋಗದೆ ಕೈಕಟ್ಟಿ ಕೂಡುವುದು ಜಡ್ಡು. ಈ ಜಡ್ಡಿನ ವಿರುದ್ಧ ಜಗಳ ತೆಗೆಯಲು ನನಗೆ ಸಿಕ್ಕ ನೆಪ ತೀರ ಸಣ್ಣದು: ಒಂದು ಹಳೆಯ ಕಾರಿನ ಗಡಿಯಾರ.

ನಮ್ಮ ಮನೆ ಇರುವುದು ಗಲಗಲಿಯಲ್ಲಿ, ಕೃಷ್ಣೆಯ ದಂಡೆಯ ಮೇಲೆ. ಊರು ಹಳೆಯದು, ಹರಿದಾಸ ಪರಂಪರೆಯ ಗಲಗಲಿ ಅವ್ವ ಈ ಊರಿನ ಹೆಸರನ್ನೇ ತನ್ನ ಹೆಸರಿನೊಡನೆ ಹೊತ್ತವಳು. ಆದರೆ ದೊಡ್ಡ ಡಾಕ್ಟರು, ದೊಡ್ಡ ಕಚೇರಿ, ದೊಡ್ಡ ಅಂಗಡಿ ಎಂದರೆ ಜಮಖಂಡಿಗೋ ಮುಧೋಳಕ್ಕೋ ಬೀಳಗಿಗೋ ರಬಕವಿ-ಬನಹಟ್ಟಿಗೋ ಓಡಲೇಬೇಕು. ಈ ಓಡಾಟಕ್ಕೆಂದು ನಮ್ಮನೆಯವರು ಯಾರೋ ಬಳಸಿ ಬಿಟ್ಟ ಕಾರೊಂದನ್ನು ಕೊಂಡು ತಂದರು. ಅದನ್ನು ಹೆಚ್ಚಾಗಿ ನಡೆಸುವವಳು ನಾನೇ. ಸ್ಟೇರಿಂಗಿನ ಪಕ್ಕದ ಡ್ಯಾಶ್‌ಬೋರ್ಡಿನಲ್ಲಿ ಒಂದು ದುಂಡನೆಯ ಗಡಿಯಾರ. ಅಂಕಿ ಮಿನುಗುವ ಬಗೆಯದಲ್ಲ, ಮುಳ್ಳು ತಿರುಗುವ ಬಗೆಯದು. ಬೆಳಿಗ್ಗೆ ಸರಿಯಾಗಿ ಇರುತ್ತಿತ್ತು. ಸಂಜೆಗೆ ಒಮ್ಮೆ ಒಂದು ತಾಸು ಹಿಂದೆ, ಒಮ್ಮೆ ಎರಡು ತಾಸು ಹಿಂದೆ, ಒಮ್ಮೆ ಏನೂ ಆಗದವರಂತೆ ಕರಾರುವಾಕ್ಕು.

ಪೂರ್ತಿ ನಿಂತ ಗಡಿಯಾರವನ್ನು ಯಾರೂ ನಂಬುವುದಿಲ್ಲ, ಆದ್ದರಿಂದ ಅದು ಯಾರಿಗೂ ಕೇಡು ಮಾಡುವುದಿಲ್ಲ. ಕೇಡು ಮಾಡುವುದು ಒಮ್ಮೆ ನಿಜ ಒಮ್ಮೆ ಸುಳ್ಳು ಹೇಳುವ ಗಡಿಯಾರ.

ಏನು ಕೇಡು ಎಂದು ಕೇಳುವಿರಾದರೆ ನಮ್ಮ ಅತ್ತೆಯವರ ಮಾತು ಹೇಳಬೇಕು. ಅತ್ತೆಗೆ ಅಕ್ಷರ ಬಾರದು, ಗಡಿಯಾರ ಬರುತ್ತದೆ. ‘ದೊಡ್ಡ ಮುಳ್ಳು ತೆಳಗ ಬಂತಂದ್ರ ಅರ್ಧ, ನೆತ್ತಿ ಮ್ಯಾಲ ಬಂತಂದ್ರ ಪೂರಾ’ – ಇಷ್ಟರ ಮೇಲೆ ಅವರು ಐವತ್ತು ವರ್ಷ ಮನೆ ನಡೆಸಿದ್ದಾರೆ. ಮೊಬೈಲಿನ ಅಂಕಿ ಅವರಿಗೆ ಇರುವೆ ಸಾಲು. ಅವರಿಗೆ ಸಕ್ಕರೆ ಕಾಯಿಲೆ. ಮುಂಜಾನೆ ಗುಳಿಗೆ ನುಂಗಿದ ಮೇಲೆ ಮಧ್ಯಾಹ್ನದ ಊಟ ಹೊತ್ತಿಗೆ ಸರಿಯಾಗಿ ಆಗಬೇಕು. ಒಂದು ದಿನ ಪರ ಊರಿನ ಕಚೇರಿಯೊಂದರಲ್ಲಿ ನಾನು ಸಾಲಿನಲ್ಲಿ ನಿಂತಿದ್ದೆ. ಅತ್ತೆ ಹೊರಗೆ ಮರದ ಕೆಳಗೆ, ಕಾರಿನ ಬಾಗಿಲು ತೆಗೆದುಕೊಂಡು ಕೂತಿದ್ದರು. ಬುತ್ತಿ ಅವರ ತೊಡೆಯ ಮೇಲೇ ಇತ್ತು. ಬಿಸಿಲು ಸರಿದು ಕಾರಿನ ಮುಂದಿನ ಗಾಜಿಗೆ ಬಂದಿತ್ತು. ಗಡಿಯಾರ ಹನ್ನೆರಡು ದಾಟಿ ಹತ್ತು ನಿಮಿಷಕ್ಕೆ ನಿಂತುಬಿಟ್ಟಿತ್ತು. ‘ಒಂದಾಗ್ಲಿ, ಸೊಸಿ ಬರ್ತಾಳ, ಕೂಡಿ ಉಣ್ಣೋಣು’ ಎಂದು ಅತ್ತೆ ಕಾದರು. ನಾನು ಬಂದಾಗ ಹೊತ್ತು ಎರಡು ದಾಟಿತ್ತು. ಅತ್ತೆಯ ಮೈಯೆಲ್ಲ ತಣ್ಣನೆ ಬೆವರು, ಕೈ ನಡುಕ, ಮಾತು ತೊದಲು. ಮೈಯ ಸಕ್ಕರೆ ಇಳಿದರೆ ಆಗುವುದು ಹೀಗೆ. ಬುತ್ತಿಯಲ್ಲಿ ಬೆಲ್ಲವಿತ್ತು, ನೀರಿನಲ್ಲಿ ಕದಡಿ ಕುಡಿಸಿದೆ. ಸ್ವಲ್ಪ ಹೊತ್ತಿಗೆ ಚೇತರಿಸಿಕೊಂಡರು. ಕಣ್ಣು ತೆರೆದು ಮೊದಲು ಆಡಿದ ಮಾತು: ‘ಇನ್ನೂ ಒಂದ್ ಆಗೇ ಇಲ್ಲಲ್ಲ ತಂಗಿ?’

ಈಗ ಹೇಳಿ, ಗಡಿಯಾರ ಸಣ್ಣ ವಿಷಯವೇ?

ಮರುದಿನ ಒಬ್ಬ ಮಿಸ್ತ್ರಿಯ ಹತ್ತಿರ ಗಾಡಿ ಒಯ್ದೆ. ಅವನು ಬಾನೆಟ್ಟಿನೊಳಗಿಂದ ತಲೆ ಎತ್ತದೆಯೇ ಹೇಳಿದ: ‘ಅಕ್ಕಾರ, ಗಾಡಿ ಓಡಾಕ ಗಡಿಯಾರ ಬೇಕಾಗಂಗಿಲ್ರಿ. ಮೊಬೈಲ್ ಐತೆಲ್ರಿ? ಇರ್ಲಿ ಬಿಡ್ರಿ.’ ಇನ್ನೊಬ್ಬ, ‘ಇದು ಪೂರಾ ಹೋಗೇತ್ರಿ, ಹೊಸಾದ್ ಸಿಗಂಗಿಲ್ಲ’ ಎಂದ. ಗಡಿಯಾರವನ್ನು ಮುಟ್ಟಿಯೂ ನೋಡಿರಲಿಲ್ಲ. ಮೂರನೆಯವನು ಎಲ್ಲರಿಗಿಂತ ಸಭ್ಯ: ‘ಸಾಹೇಬ್ರನ್ನ ಕಳಸ್ರಿ, ಅವರಿಗೆ ತಿಳಿಸಿ ಹೇಳ್ತೀನಿ.’ ನಮ್ಮ ಸಾಹೇಬರಿಗೆ ಬಲ್ಬು ಬದಲಿಸಲು ಬಾರದೆಂಬುದು ಅವನಿಗೆ ಹೇಗೆ ಗೊತ್ತಿರಬೇಕು, ಪಾಪ!

ಈ ಮೂರು ಉತ್ತರಗಳಲ್ಲಿ ಒಂದೂ ಉತ್ತರವಲ್ಲವೆಂಬುದನ್ನು ಗಮನಿಸಿ. ಏನು ಕೆಟ್ಟಿದೆ ಎಂದು ನಾನು ಕೇಳಿದೆ. ಏಕೆ ಬೇಡ ಎಂದು ಒಬ್ಬ ಹೇಳಿದ, ಏಕೆ ಆಗದು ಎಂದು ಇನ್ನೊಬ್ಬ ಹೇಳಿದ, ಯಾರು ಕೇಳಬೇಕು ಎಂದು ಮೂರನೆಯವನು ಹೇಳಿದ. ಕೇಳಿದ ಪ್ರಶ್ನೆ ಕೇಳಿದಲ್ಲಿಯೇ ಉಳಿಯಿತು. ಹೆಣ್ಣುಮಕ್ಕಳ ಪ್ರಶ್ನೆಗಳು ಹೀಗೆ ಉಳಿಯುವುದು ಗ್ಯಾರೇಜಿನಲ್ಲಷ್ಟೇ ಅಲ್ಲ; ದವಾಖಾನೆಯಲ್ಲಿ, ಬ್ಯಾಂಕಿನಲ್ಲಿ, ಹೊಲದ ಉತಾರೆ ಕೇಳಲು ಹೋದಲ್ಲಿಯೂ ಇದೇ ಕಥೆ.

ನಮ್ಮ ಕೈಯಲ್ಲಿ ಒಂದು ವಿದ್ಯೆ ಇದೆ. ನಾವು ಅದನ್ನು ವಿದ್ಯೆಯೆಂದೇ ತಿಳಿದಿಲ್ಲ. ಅದು ಹಾಲಿನ ಲೆಕ್ಕ. ಕ್ಯಾಲೆಂಡರಿನ ಮೇಲೆ ಇವತ್ತು ಒಂದು ಲೀಟರು, ನಾಳೆ ಅರ್ಧ, ನಾಡಿದ್ದು ಇಲ್ಲ ಎಂದು ಬರೆದಿಟ್ಟು ತಿಂಗಳ ಕೊನೆಗೆ ಹಾಲಿನವನ ಬಾಯಿ ಮುಚ್ಚಿಸುವವರು ನಾವೇ ಅಲ್ಲವೇ? ಅದೇ ಕ್ಯಾಲೆಂಡರಿನ ಮೇಲೆ ಎಂಟು ದಿನ ಗಡಿಯಾರದ ಲೆಕ್ಕ ಬರೆದೆ. ಮುಂಜಾನೆ ಎಷ್ಟಿತ್ತು, ಸಂಜೆ ಎಷ್ಟು ಹಿಂದೆ ಬಿತ್ತು, ಕಾರು ಎಲ್ಲಿ ನಿಂತಿತ್ತು, ಎಲ್ಲಿಗೆ ಓಡಿತ್ತು. ಎಂಟನೆಯ ದಿನಕ್ಕೆ ಗುಟ್ಟು ತಾನಾಗಿ ಹೊರಬಿತ್ತು. ಬೇವಿನ ಗಿಡದ ನೆರಳಿನಲ್ಲಿ ನಿಂತ ದಿನ ಒಂದು ನಿಮಿಷವೂ ಹಿಂದೆ ಬಿದ್ದಿರಲಿಲ್ಲ. ಬಿಸಿಲಿನಲ್ಲಿ ನಿಂತ ದಿನವೆಲ್ಲ ಎರಡು ತಾಸಿನ ಆಸುಪಾಸು ಹಿಂದೆ. ಕಬ್ಬಿನ ಟ್ರ್ಯಾಕ್ಟರುಗಳು ಕೊರೆದಿಟ್ಟ ರಸ್ತೆಯಲ್ಲಿ ಸಂಜೆ ತಂಪಿನಲ್ಲಿ ಎಷ್ಟು ಕುಲುಕಿಸಿ ಓಡಿಸಿದರೂ ಏನೂ ಆಗಿರಲಿಲ್ಲ. ಅಂದಮೇಲೆ ಕುಲುಕಾಟದ್ದಲ್ಲ, ಬಿಸಿಲಿನದೇ ಕಿತಾಪತಿ.

ಈ ಲೆಕ್ಕ ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಕಾರಿನ ಗಡಿಯಾರಕ್ಕೆ ಬರುವ ತಂತಿಗಳಲ್ಲಿ ಒಂದು ಬ್ಯಾಟರಿಯಿಂದ ಸದಾ ಕರೆಂಟು ತರುತ್ತದೆ. ಬೀಗದ ಕೈ ತೆಗೆದರೂ ಅದು ಜೀವಂತ. ಒಂದು ಅರ್ಥ್, ಅಂದರೆ ಗಾಡಿಯ ಕಬ್ಬಿಣದ ಮೈಗೆ ಸೇರುವ ತಂತಿ. ಇನ್ನೊಂದು ರಾತ್ರಿ ದೀಪದ್ದು, ಅದಕ್ಕೂ ಸಮಯಕ್ಕೂ ಸಂಬಂಧವಿಲ್ಲ. ಕಾರು ನಿಂತಷ್ಟು ಹೊತ್ತು ಗಡಿಯಾರವೂ ನಿಂತು, ಬೀಗದ ಕೈ ತಿರುಗಿಸಿದಾಗ ಮಾತ್ರ ಓಡಿದರೆ, ಯಾರೋ ತಪ್ಪು ತಂತಿಗೆ ಜೋಡಿಸಿದ್ದಾರೆ. ಎಂಜಿನ್ ಚಾಲು ಮಾಡುವ ಗಳಿಗೆಯಲ್ಲಿ ಮಾತ್ರ ಮುಗ್ಗರಿಸಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಅದರ ತುದಿಗಳಿಗೆ ಕಿಲುಬು ಹಿಡಿದಿದೆ. ಪ್ರತಿ ತಾಸಿಗೂ ಮುಳ್ಳು ಅದೇ ಜಾಗದಲ್ಲಿ ಸಿಕ್ಕಿಕೊಂಡರೆ ಒಂದು ಮುಳ್ಳು ಬಾಗಿ ಇನ್ನೊಂದಕ್ಕೆ ತಾಗುತ್ತಿದೆ, ಅಥವಾ ಹಲ್ಲಿನ ಚಕ್ರದಲ್ಲಿ ಕಸ ಕೂತಿದೆ. ದಿನವೂ ತಪ್ಪದೆ ಅಷ್ಟೇ ಸೆಕೆಂಡು ಹಿಂದುಮುಂದಾದರೆ ಗಡಿಯಾರಕ್ಕೆ ರೋಗವಿಲ್ಲ, ಸ್ವಲ್ಪ ತಿದ್ದಿದರೆ ಸಾಕು. ಬಿಸಿಗೋ ಕುಲುಕಾಟಕ್ಕೋ ನಿಂತು ಮತ್ತೆ ತಾನೇ ಓಡಿದರೆ ಎಲ್ಲೋ ಒಂದು ಜೋಡಣೆ ಸಡಿಲಿದೆ. ಲಕ್ಷಣ ಕೇಳಿದರೆ ರೋಗ ಅರ್ಧ ತಿಳಿಯಿತು. ಕೂಸಿಗೆ ಜ್ವರ ಬಂದಾಗ ‘ಯಾವಾಗಿಂದ, ಏನು ತಿಂದಿತ್ತು’ ಎಂದು ಅಜ್ಜಿಯರು ಕೇಳುತ್ತಿದ್ದುದೂ ಇದನ್ನೇ.

‘ಬಿಸಿಲಿಗೆ ಗಡಿಯಾರ ಹಿಂದೆ ಬೀಳೂದು ಸಹಜ’ ಎಂದು ಒಬ್ಬ ಬುದ್ಧಿವಂತರು ನನಗೆ ಸಮಾಧಾನ ಹೇಳಿದರು. ಸಹಜ ಎಂಬುದು ‘ಇರ್ಲಿ ಬಿಡ್ರಿ’ಯ ಓದಿಕೊಂಡ ತಮ್ಮ. ಎಷ್ಟು ಹಿಂದೆ ಬೀಳುವುದು ಸಹಜ, ಲೆಕ್ಕ ಹಾಕೋಣ. ಕ್ವಾರ್ಟ್ಜ್ ಗಡಿಯಾರದೊಳಗೆ ಒಂದು ಹರಳಿನ ಚೂರು ಇರುತ್ತದೆ. ಕರೆಂಟು ತಾಗಿದರೆ ಅದು ಕಂಪಿಸುತ್ತದೆ. ಕೈಗಡಿಯಾರದ ಹರಳು ಸೆಕೆಂಡಿಗೆ 32,768 ಸಲ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧರ್ಧ ಮಾಡುತ್ತ ಹೋಗಿ, ಒಂದು ಉಳಿಯುತ್ತದೆ. ಆ ಒಂದೇ ಮುಳ್ಳಿನ ಒಂದು ಹೆಜ್ಜೆ. ಕಾರಿನ ಹಲವು ಗಡಿಯಾರಗಳಲ್ಲಿ ಸೆಕೆಂಡಿಗೆ 41,94,304 ಸಲ ಕಂಪಿಸುವ ಹರಳಿದ್ದು, ಅಲ್ಲಿ ಇಪ್ಪತ್ತೆರಡು ಸಲ ಅರ್ಧ ಮಾಡುತ್ತಾರೆ. ಕೈಗಡಿಯಾರದ ಹರಳು 25 ಡಿಗ್ರಿಯ ಆಸುಪಾಸಿನಲ್ಲಿ ನೆಟ್ಟಗಿರುತ್ತದೆ, ಕಾವು ಏರಿದರೆ ಕೊಂಚ ನಿಧಾನವಾಗುತ್ತದೆ. ಅದನ್ನು ಇಡೀ ದಿನ 60 ಡಿಗ್ರಿ ಕಾವಿನಲ್ಲಿ ಇಟ್ಟರೂ ಹಿಂದೆ ಬೀಳುವುದು ನಾಲ್ಕು ಸೆಕೆಂಡಿನಷ್ಟು. ಕಾರಿನ ಹರಳು ಇದಕ್ಕಿಂತಲೂ ಗಟ್ಟಿ. ನಮ್ಮದು ಹಿಂದೆ ಬೀಳುತ್ತಿದ್ದುದು ಎರಡು ತಾಸು. ನಾಲ್ಕು ಸೆಕೆಂಡಿಗೂ ಎರಡು ತಾಸಿಗೂ ನಡುವೆ ಇರುವ ಅಂತರವನ್ನು ‘ಸಹಜ’ ಎಂಬ ಒಂದು ಶಬ್ದದಿಂದ ಮುಚ್ಚಲಾದೀತೇ? ಹರಳು ನಿರಪರಾಧಿ. ಗಡಿಯಾರ ನಿಧಾನವಾಗುತ್ತಿರಲಿಲ್ಲ, ಕಾವಿಗೆ ನಿಲ್ಲುತ್ತಿತ್ತು, ತಂಪಾದ ಮೇಲೆ ನಿಂತಲ್ಲಿಂದ ಮತ್ತೆ ಹೊರಡುತ್ತಿತ್ತು.

ರೋಗಿ ನರಳುವಾಗಲೇ ನಾಡಿ ನೋಡಬೇಕು. ತಂಪಿನಲ್ಲಿ ಗ್ಯಾರೇಜಿಗೆ ಒಯ್ದರೆ ಗಡಿಯಾರ ಸಾಧುವಿನಂತೆ ಓಡುತ್ತದೆ, ಮಿಸ್ತ್ರಿ ನಮ್ಮನ್ನೇ ವಿಚಿತ್ರವಾಗಿ ನೋಡುತ್ತಾನೆ. ಹನ್ನೆರಡು ವೋಲ್ಟಿನ ಸಣ್ಣ ಬಲ್ಬಿಗೆ ಎರಡು ತಂತಿ ಕಟ್ಟಿಕೊಂಡು, ಮಟ ಮಟ ಮಧ್ಯಾಹ್ನ, ಗಡಿಯಾರ ನಿಂತಾಗಲೇ ಪರೀಕ್ಷೆ ಮಾಡಿದೆ. ಬಲ್ಬಿನ ಒಂದು ತುದಿ ಗಾಡಿಯ ಬರಿ ಕಬ್ಬಿಣಕ್ಕೆ, ಇನ್ನೊಂದು ಗಡಿಯಾರಕ್ಕೆ ಬರುವ ಸದಾ ಕರೆಂಟಿನ ತಂತಿಗೆ: ಹತ್ತಿತು. ಕಬ್ಬಿಣಕ್ಕೆ ಹಿಡಿದ ತುದಿಯನ್ನು ಗಡಿಯಾರದ ಅರ್ಥ್ ತಂತಿಗೆ ಹಿಡಿದೆ: ಆಗಲೂ ಹತ್ತಿತು. ಗಡಿಯಾರದ ಬಾಗಿಲವರೆಗೂ ಕರೆಂಟು ಬಂದಿದೆ, ಮರಳಿ ಹೋಗುವ ದಾರಿಯೂ ಇದೆ, ಆದರೂ ಗಡಿಯಾರ ನಿಂತಿದೆ. ಅಂದಮೇಲೆ ತಪ್ಪು ಗಡಿಯಾರದ ಒಳಗೇ. ಬ್ಯಾಟರಿ ಬದಲಿಸಿ, ವಾಯರಿಂಗ್ ಬದಲಿಸಿ ಎಂದು ಖರ್ಚು ಹೇಳುವವರ ದಾರಿ ಅಲ್ಲಿಗೆ ಮುಚ್ಚಿತು.

ಮೊದಲು ಬ್ಯಾಟರಿಯ ಮೈನಸ್ ತುದಿ ಬಿಚ್ಚಿ – ಇದನ್ನು ಮರೆಯಬೇಡಿ, ಸ್ಕ್ರೂ ಡ್ರೈವರು ತಪ್ಪಿ ತಾಗಿದರೆ ಕಿಡಿ ಹಾರುತ್ತದೆ – ಗಡಿಯಾರ ಹೊರತೆಗೆದು, ಒರೆಸುವ ಬಟ್ಟೆಯಲ್ಲಿ ಸುತ್ತಿಕೊಂಡು ಹೋದದ್ದು ಮೋಟಾರ್ ಮಿಸ್ತ್ರಿಯ ಹತ್ತಿರ ಅಲ್ಲ, ಟಿ.ವಿ. ರಿಪೇರಿ ಮಾಡುವ ಒಬ್ಬ ಹಿರಿಯರ ಹತ್ತಿರ. ಹಾಳೆಯ ಮೇಲೆ ಬರೆದ ಲೆಕ್ಕವನ್ನೂ ಕೊಟ್ಟೆ. ಅವರು ಭೂತಗನ್ನಡಿ ಹಿಡಿದು ಒಳಗಿನ ಹಲಗೆಯನ್ನು ನೋಡಿದರು. ಕರೆಂಟು ಒಳಬರುವ ಕಡ್ಡಿಯ ಸುತ್ತ, ಬೆಸುಗೆಯಲ್ಲಿ, ಕೂದಲೆಳೆಗಿಂತ ತೆಳುವಾದ ಉಂಗುರದಂಥ ಬಿರುಕು. ವರ್ಷಗಟ್ಟಲೆ ಹಗಲು ಕಾದು ರಾತ್ರಿ ಆರಿ, ಕುಲುಕಿ, ಬೆಸುಗೆ ದಣಿದು ಬಿಟ್ಟಿತ್ತು. ಕಾವಿಗೆ ಹಲಗೆ ಹಿಗ್ಗಿದಾಗ ಬಾಯಿ ತೆರೆಯುತ್ತಿತ್ತು, ತಂಪಿಗೆ ಮುಚ್ಚಿಕೊಳ್ಳುತ್ತಿತ್ತು. ಒಂದು ಹನಿ ಬೆಸುಗೆ, ಕೂಲಿ ನಲವತ್ತು ರೂಪಾಯಿ. ‘ತಂಗಿ, ಬಿಸಲಿಗೆ ನಿಲ್ಲತೈತಿ ಅಂತ ಯಾರ್ ಕಂಡ್ ಹಿಡದ್ರು?’ ಎಂದು ಕೇಳಿದರು. ‘ನಾನ ರೀ’ ಎಂದೆ. ‘ಹಂಗಾದ್ರ ಅರ್ಧ ಕೂಲಿ ನಿಮಗ ಕೊಡಬೇಕಾತು’ ಎಂದು ನಕ್ಕರು. ಆ ಗಡಿಯಾರ ಈಗ ಬೇಸಿಗೆಯ ಬಿಸಿಲಿನಲ್ಲೂ ನಿಲ್ಲದೆ ಓಡುತ್ತಿದೆ.

ಇನ್ನೂ ಹಳೆಯ ಕಾರುಗಳಲ್ಲಿ ಕ್ವಾರ್ಟ್ಜ್ ಇಲ್ಲದ ಗಡಿಯಾರಗಳಿದ್ದವು. ಅವುಗಳಲ್ಲಿ ಸ್ಪ್ರಿಂಗೇ ಗಡಿಯಾರವನ್ನು ಓಡಿಸುವುದು. ಸ್ಪ್ರಿಂಗು ಸಡಿಲಾದಾಗ ಎರಡು ಲೋಹದ ತುದಿ ಕೂಡಿಕೊಂಡು, ವಿದ್ಯುತ್ ಅಯಸ್ಕಾಂತ ‘ಟಕ್’ ಎಂದು ಅದನ್ನು ಮತ್ತೆ ಬಿಗಿಯುತ್ತದೆ. ಬ್ಯಾಟರಿ ಸೋತಾಗ ಆ ಎಳೆತಕ್ಕೆ ಶಕ್ತಿ ಸಾಲದೆ ತುದಿಗಳು ಕೂಡಿಕೊಂಡೇ ಉಳಿದು, ಕಪ್ಪಾಗಿ, ಕೊನೆಗೆ ಸುರುಳಿ ಸುಡುತ್ತದೆ. ಮನೆಯಲ್ಲಿ ಅಂಥದಿದ್ದರೆ ತುದಿಗಳನ್ನು ಒರೆಸಿ, ಗಡಿಯಾರದ ಎಣ್ಣೆಯನ್ನು ಸೂಜಿಮೊನೆಯಷ್ಟು ಹಚ್ಚಬಹುದು. ದಯವಿಟ್ಟು ಕೊಬ್ಬರಿ ಎಣ್ಣೆ ಬಿಡಬೇಡಿ. ಅದು ತಲೆಗೂದಲಿಗೆ ಒಳ್ಳೆಯದು, ಹಲ್ಲಿನ ಚಕ್ರಕ್ಕೆ ಅಂಟು.

‘ಇದೆಲ್ಲ ಹೆಂಗಸರ ಕೆಲಸವೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರಿಗೆ ಇತಿಹಾಸ ಗೊತ್ತಿಲ್ಲ. ಕಾರು ಎಂಬ ವಾಹನದಲ್ಲಿ ಮೊಟ್ಟಮೊದಲು ದೂರದ ಪ್ರಯಾಣ ಮಾಡಿದವಳೇ ಒಬ್ಬ ಹೆಂಗಸು. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ಟಾ ಬೆಂಜ್, ಗಂಡನಿಗೆ ಹೇಳದೆ, ಅವನೇ ಕಟ್ಟಿದ ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮನ್‌ಹೈಮಿನಿಂದ ಫೋರ್ಜ್‌ಹೈಮಿಗೆ, ನೂರು ಕಿಲೋಮೀಟರಿಗೂ ಹೆಚ್ಚು, ಹೋದಳು. ದಾರಿಯಲ್ಲಿ ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿ ಸುತ್ತಿದಳು. ಅಷ್ಟು ದೂರ ಏಕೆ? ನಮ್ಮ ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಶುರುವಾದ ಎಚ್.ಎಂ.ಟಿ. ಕಾರ್ಖಾನೆಯಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆಯಷ್ಟು ಸ್ಕ್ರೂ ಜೋಡಿಸಿದವರಲ್ಲಿ ಹೆಣ್ಣುಮಕ್ಕಳೂ ಇದ್ದರು. ನಮ್ಮ ಅಪ್ಪ-ಮಾವಂದಿರು ಮದುವೆಯಲ್ಲಿ ಕಟ್ಟಿಕೊಂಡು ಮೆರೆದ ಗಡಿಯಾರಗಳು ಅವು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್.ಎಂ.ಟಿ. ವಾಚಸ್ ಮುಚ್ಚಲು ತೀರ್ಮಾನಿಸಿತು. ಕಾರ್ಖಾನೆ ಮುಚ್ಚಿದರೂ ಆ ಕೈಗಳ ಜಾಣ್ಮೆ ಸುಳ್ಳಾಗಲಿಲ್ಲ. ಗಡಿಯಾರ ಜೋಡಿಸಲು ಬರುವ ಕೈಗೆ ಬಿಚ್ಚಿ ನೋಡಲು ಏಕೆ ಬಾರದು?

‘ರಿಪೇರಿ ಯಾಕ, ಹೊಸಾದ್ ತಗೊಳ್ರಿ’ ಎಂಬುದು ಇನ್ನೊಂದು ವಾದ. ಇದು ವ್ಯಾಪಾರದ ಭಾಷೆ. ತಪ್ಪೇನೆಂದು ಹುಡುಕಲು ತಲೆ ಬೇಕು, ಬದಲಿಸಲು ನಮ್ಮ ಹಣ ಸಾಕು. ಜಗತ್ತು ಈ ವಾದಕ್ಕೆ ಸಾಕಾಗಿ ತಿರುಗಿ ನಿಲ್ಲುತ್ತಿದೆ. ಫ್ರಾನ್ಸಿನಲ್ಲಿ 2021ರಿಂದ ಕೆಲವು ಬಗೆಯ ಯಂತ್ರಗಳನ್ನು ಮಾರುವಲ್ಲಿ, ಅವನ್ನು ರಿಪೇರಿ ಮಾಡುವುದು ಎಷ್ಟು ಸುಲಭ ಎಂಬ ಅಂಕವನ್ನು ತೋರಿಸಬೇಕೆಂದು ಕಾನೂನಿದೆ. ನಮ್ಮ ಕೇಂದ್ರ ಸರಕಾರವೂ 2022ರ ಡಿಸೆಂಬರಿನಲ್ಲಿ ‘ರಿಪೇರಿಯ ಹಕ್ಕು’ ಎಂಬ ಹೆಸರಿನ ಪೋರ್ಟಲ್ ತೆರೆಯಿತು. ಕೃಷಿ ಉಪಕರಣ, ಮೊಬೈಲು, ಮನೆಬಳಕೆಯ ಯಂತ್ರ, ವಾಹನ ಈ ನಾಲ್ಕೂ ಅದರಲ್ಲಿ ಸೇರಿವೆ. ಆದರೆ ಹಕ್ಕು ದಿಲ್ಲಿಯಲ್ಲಿ ಹುಟ್ಟಿದರೂ ಬಳಕೆಯಾಗಬೇಕಾದದ್ದು ನಮ್ಮ ಸಂತೆಯಲ್ಲಿ. ‘ಬಿಚ್ಚಿ ತೋರಸ್ರಿ’ ಎಂದು ಕೇಳುವ ಗ್ರಾಹಕಳಿಲ್ಲದಿದ್ದರೆ ಯಾವ ಕಾನೂನೂ ಗ್ಯಾರೇಜಿನ ಬಾಗಿಲು ದಾಟುವುದಿಲ್ಲ.

ಕೊನೆಯ ವಾದ ತಾತ್ವಿಕರದ್ದು: ‘ಸಮಯ ಅನ್ನೂದ ಮನುಷ್ಯ ಮಾಡಿಕೊಂಡದ್ದು, ಅದಕ್ಯಾಕ ಇಷ್ಟು ಜೀವ ಬಿಡ್ತೀರಿ?’ ಮನುಷ್ಯ ಮಾಡಿಕೊಂಡದ್ದು ನಿಜ. ನಮ್ಮ ದೇಶದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು, 1906ರಿಂದ ನಡೆದು ಬಂದದ್ದು. ಗಲಗಲಿ ಅದಕ್ಕಿಂತ ಸುಮಾರು ಏಳು ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಸುಮಾರು 28 ನಿಮಿಷ ತಡ. ಮುಂಬಯಿ ಶಹರವಂತೂ 39 ನಿಮಿಷ ಹಿಂದಿನ ತನ್ನದೇ ಸಮಯವನ್ನು 1955ರವರೆಗೆ ಬಿಡಲಿಲ್ಲ. ಆದ್ದರಿಂದ ಗಡಿಯಾರದ ಸತ್ಯ ಸೂರ್ಯನ ಸತ್ಯವಲ್ಲ, ಒಪ್ಪಂದದ ಸತ್ಯ. ‘ಒಂದು ಗಂಟೆಗೆ ಬಾ’ ಎಂದರೆ ನಿನ್ನ ಒಂದೂ ನನ್ನ ಒಂದೂ ಒಂದೇ ಎಂಬ ಮಾತು ಕೊಟ್ಟಂತೆ. ಮನುಷ್ಯ ಮಾಡಿಕೊಂಡದ್ದು ಎಂಬ ಕಾರಣಕ್ಕೇ ಅದನ್ನು ಮನುಷ್ಯರೇ ಕಾಯಬೇಕು. ಸೂರ್ಯನನ್ನು ಯಾರೂ ರಿಪೇರಿ ಮಾಡಬೇಕಿಲ್ಲ, ಮಾತನ್ನು ಮಾಡಬೇಕು.

ಮನೆಯಲ್ಲಿ ಎಲ್ಲರ ಸಮಯ ಕಾಯುವವರು ನಾವು. ಶಾಲೆಯ ಬಸ್ಸು, ಗಂಡನ ಆಫೀಸು, ಮಾವನ ಚಹಾ, ಅತ್ತೆಯ ಗುಳಿಗೆ, ನಲ್ಲಿಗೆ ನೀರು ಬರುವ ಹೊತ್ತು. ಎಲ್ಲವೂ ನಮ್ಮ ತಲೆಯೊಳಗಿನ ಮುಳ್ಳಿನ ಮೇಲೆ ತಿರುಗುತ್ತವೆ. ಅಂಥವರು ಒಂದು ಗಡಿಯಾರ ಕೆಟ್ಟಿದೆಯೆಂದರೆ, ‘ನಿಮಗೇನ್ರಿ ಅವಸರ?’ ಎಂದು ನಗುತ್ತಾರೆ. ನಮ್ಮ ಸಮಯಕ್ಕೆ ಬೆಲೆಯಿಲ್ಲವೆಂದು ಒಪ್ಪಿಕೊಂಡವರು ಮಾತ್ರ ಆ ನಗೆಯಲ್ಲಿ ಪಾಲುಗೊಳ್ಳಬಹುದು.

ಗೆಳತಿಯರೇ, ನೀವೆಲ್ಲ ಸ್ಕ್ರೂ ಡ್ರೈವರು ಹಿಡಿದು ಕಾರಿನ ಕೆಳಗೆ ನುಗ್ಗಿರೆಂದು ನಾನು ಹೇಳುತ್ತಿಲ್ಲ. ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಕಾರೂ ಇರಲಿಕ್ಕಿಲ್ಲ. ಆದರೆ ಮಿಕ್ಸರ್ ಇದೆ, ಫ್ರಿಜ್ ಇದೆ, ನೀರಿನ ಮೋಟಾರ್ ಇದೆ; ಎಲ್ಲಕ್ಕಿಂತ ಮೊದಲು ನಿಮ್ಮದೇ ಮೈ ಇದೆ, ಅದರ ಬೇನೆಗೂ ‘ಈ ವಯಸ್ಸಿಗೆ ಸಹಜ, ಇರ್ಲಿ ಬಿಡ್ರಿ’ ಎನ್ನುವವರಿದ್ದಾರೆ. ಯಾವುದು ಕೆಟ್ಟರೂ ಎಂಟು ದಿನದ ಲೆಕ್ಕ ಬರೆಯಿರಿ: ಯಾವ ಹೊತ್ತಿಗೆ, ಎಷ್ಟು, ಏನು ಮಾಡಿದಾಗ, ಏನು ಮಾಡದಿದ್ದಾಗ. ಆ ಹಾಳೆಯನ್ನು ಎದುರಿಗಿಟ್ಟು, ‘ಇದಕ್ಕ ಕಾರಣ ಏನ್ರಿ?’ ಎಂದು ಕೇಳಿ. ಉತ್ತರ ಬರುವತನಕ ಕುರ್ಚಿ ಬಿಟ್ಟು ಏಳಬೇಡಿ.